ಹದಿನೈದನೆಯ ದಿನದ ಊಟ

ನಾನು ಲೆಕ್ಕದವಳು. ಹೆರಿಗೆಯ ಬಗ್ಗೆ ನನಗೆ
ಗೊತ್ತಿರುವುದು ಇಷ್ಟೇ: ತಲೆಗೆ ಹದಿನಾಲ್ಕು ದಿನ,
ದಿನಕ್ಕೆ ಮೂರು ಹೊತ್ತು, ಒಲೆಗೆ ಒಂದೂವರೆ ಬಕೆಟ್ ಕಲ್ಲಿದ್ದಲು.
ಆಸ್ಪತ್ರೆಯ ಬೆನ್ನಿಗಂಟಿದ ನೀಲಿ ಬಾಗಿಲಿನ ಕೋಣೆಗೆ
ಸರ್ಕಾರಿ ಹೆಸರು ತಾಯಂದಿರ ತಂಗುಮನೆ.
ಮೂರು ಮಂಚ. ಒಂದು ಕಿಟಕಿ. ಕಿಟಕಿಯಾಚೆ
ಗೋಬಿ, ಅದಕ್ಕೆ ಯಾರ ಲೆಕ್ಕವೂ ಇಲ್ಲ.

ದುಡ್ಡು ಹೊರಡುವುದು ಉಲಾನ್‌ಬಾತರಿನಿಂದ.
ಜಿಲ್ಲಾ ಕೇಂದ್ರದಲ್ಲಿ ಒಂದು ಸಹಿಗೆ ಕೂತು,
ಇನ್ನೊಂದು ಸಹಿಗೆ ನಿಂತು,
ಜನವರಿಯದ್ದು ಮಾರ್ಚಿಗೆ ಬರುತ್ತದೆ.
ಬಸುರಿಯರು ಮಾತ್ರ ತಡಮಾಡುವುದಿಲ್ಲ.
ಅಲ್ಲಿಯವರೆಗೆ ಅಡುಗೆಯ ಸೆವ್ಜಿದ್
ಅಂಗಡಿಯಲ್ಲಿ ತನ್ನ ಹೆಸರಿಗೆ ಹಿಟ್ಟು ಬರೆಸುತ್ತಾಳೆ.

ಖಾಂಡ್ಮಾ ಬಂದದ್ದು ದೂಳುಗಾಳಿಯ ದಿನ,
ಗಂಡನ ಮೋಟಾರ್‌ಸೈಕಲ್ಲಿನ ಹಿಂದೆ, ತೊಂಬತ್ತು ಕಿಲೋಮೀಟರ್,
ಹೊಟ್ಟೆಗೂ ಅವನ ಬೆನ್ನಿಗೂ ನಡುವೆ ಮಡಿಸಿದ ಕಂಬಳಿ.
ಕುರಿ ಈಯುವ ಕಾಲ. ಅವನು ಚಹಾ ಕೂಡ ಕುಡಿಯದೆ ತಿರುಗಿದ.
ಅರ್ಜಿ ತುಂಬಿಸಿಕೊಂಡೆ. ಹಿಂದಿನ ಹೆರಿಗೆ? ಒಂದು.
ಎಲ್ಲಿ? ಗುಡಾರದಲ್ಲಿ. ಮಗು?
ಅವಳು ಕಿಟಕಿಯ ಕಡೆ ನೋಡಿದಳು.
ಆ ಚೌಕದಲ್ಲಿ ನಾನು ಒಂದು ಸಣ್ಣ ಗೆರೆ ಎಳೆದೆ.

ಸಾವಿರ ಕುರಿಗಳಿಗೆ ಸೂಲಗಿತ್ತಿಯಾದ ಕೈ
ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಬೇರೆಯವರದ್ದೆಂಬಂತೆ.
ರಾತ್ರಿ ನಾಯಿ ಬೊಗಳಿದರೆ ಎದ್ದು ಬೂಟು ಹುಡುಕುತ್ತಿದ್ದಳು.
ಮರಿಯನ್ನು ಒಲ್ಲೆನೆನ್ನುವ ತಾಯಿಕುರಿಯನ್ನು ಒಲಿಸುವ
'ತೊಯ್ಗ್, ತೊಯ್ಗ್' ಎಂಬ ರಾಗವನ್ನು
ಒಲೆಯ ಕಡೆ ಮುಖ ಮಾಡಿ ಗುನುಗುತ್ತಿದ್ದಳು.
ಇಲ್ಲಿ ಯಾವ ಕುರಿಗೆ, ಎಂದೆ.
"ಇದು ನನ್ನನ್ನು ಒಪ್ಪಬೇಕಲ್ಲ," ಎಂದಳು.

ಎರಡು ಜೀವ, ಒಂದು ಬಟ್ಟಲು.
ಒಳಗಿರುವುದು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹದಿನಾಲ್ಕು ಸಾಲು ತುಂಬಿದವು.
ಪುಸ್ತಕದ ದಿನ ಮುಗಿಯಿತು, ಅವಳ ದಿನ ತುಂಬಲಿಲ್ಲ.
ವೈದ್ಯ ದವಾಸಂಬೂ ಹೊಟ್ಟೆ ಮುಟ್ಟಿ ಹೇಳಿದ: ಇನ್ನೂ ನಾಲ್ಕೈದು ದಿನ.
ನನ್ನ ಕಡೆ ನೋಡಿದ. ನಾನು ಸುತ್ತೋಲೆಯ ಕಡೆ ನೋಡಿದೆ.
ಸುತ್ತೋಲೆ ಯಾರ ಕಡೆಯೂ ನೋಡಲಿಲ್ಲ.
ಖಾಂಡ್ಮಾ ಗಂಟು ಕಟ್ಟತೊಡಗಿದ್ದಳು. ಯಾರೂ ಹೇಳಿರಲಿಲ್ಲ,
ಎಣಿಸಲು ಅವಳಿಗೂ ಬರುತ್ತದೆ.

ಸೆವ್ಜಿದ್ ಅಡುಗೆಮನೆಯಿಂದ ಬಂದು
ಗಂಟಿನ ಮೇಲೆಯೇ ಸಾರಿನ ಬಟ್ಟಲಿಟ್ಟಳು.
ಕುರಿಮಾಂಸ, ಮೇಲೆ ಕೊಬ್ಬಿನ ಹಳದಿ ಕಣ್ಣುಗಳು.
"ಚೆಲ್ಲಿದರೆ ಬಟ್ಟೆ ನಿನ್ನದೇ ಹಾಳು. ಕೂತು ಉಣ್ಣು."
ನನ್ನತ್ತ ತಿರುಗಿ, "ನೀನು ಬರಕೋ."

ಎಲ್ಲಿ ಬರೆಯಲಿ?
'ಇತರೆ' ಎಂಬ ತಲೆಬರಹದಡಿ ಆಗಲೇ ಇದ್ದವು
ಕಿಟಕಿಯ ಗಾಜು ಒಂದು, ಇಲಿಬೋನು ಎರಡು, ಶಾಯಿ.
ಅವುಗಳ ಕೆಳಗೆ ಬರೆದೆ, ದಿನಕ್ಕೊಂದು ಸಾಲು:
ಊಟ. ಊಟ. ಊಟ. ಊಟ. ಊಟ.

ಹತ್ತೊಂಬತ್ತನೆಯ ದಿನ ನಸುಕಿಗೆ, ಹುಡುಗಿ.
ಮೂರು ಕಿಲೋ ನಾನೂರು.
ಮಂತ್ರಾಲಯದ ನಮೂನೆಯಲ್ಲಿ ಅವಳು ಒಂದು ಅಂಕಿ:
ಸಜೀವ ಜನನ, ೧.
ಅಷ್ಟು ಅಗಲ ಬಾಯಿ ಬಿಟ್ಟು ಅತ್ತ ಒಂದನ್ನು
ನಾನು ಹಿಂದೆ ಬರೆದಿರಲಿಲ್ಲ.

ಶರತ್ಕಾಲದಲ್ಲಿ ತಪಾಸಣೆಗೆ ಬಂದ ಹುಡುಗ ಒಳ್ಳೆಯವನೇ.
ಕೆಂಪು ಪೆನ್ಸಿಲಿನಲ್ಲಿ ಐದು ಊಟಕ್ಕೂ ಸುತ್ತು ಹಾಕಿ,
"ಮೊತ್ತ ಸಣ್ಣದು ಅಕ್ಕಾ, ಆದರೆ ನಿಯಮ," ಎಂದ.
ನನ್ನ ಸಂಬಳದಿಂದ ಹಿಡಿದುಕೊಂಡರು. ರಸೀದಿ ಕೊಟ್ಟರು.
ಸಿಟ್ಟು ಬಂದದ್ದು ನಿಜ,
ಸೆವ್ಜಿದ್ ಮೇಲೂ.

ಮೊದಲ ಹಿಮ ಬಿದ್ದ ವಾರ
ಮೋಟಾರ್‌ಸೈಕಲ್ಲೊಂದು ಬಾಗಿಲಲ್ಲಿ ಚೀಲ ಇಟ್ಟು ಹೋಯಿತು:
ಒಣಗಿಸಿದ ಮೊಸರಿನ ಗಟ್ಟಿಗಳು, ಕಲ್ಲಿನಂಥವು.
ಜಮೆಯ ಬದಿಯಲ್ಲಿ ಅದಕ್ಕೊಂದು ಕಲಂ ಇಲ್ಲ.
ಹಲ್ಲಿಗೆ ಬಗ್ಗಲಿಲ್ಲ. ಕಚೇರಿಯ ಬಾಗಿಲು ಹಾಕಿ
ಸರ್ಕಾರಿ ಮೊಹರಿನ ಹಿಡಿಯಿಂದ ಕುಟ್ಟಿ ಒಂದನ್ನು ಒಡೆದು,
ಅರ್ಧ ಸೆವ್ಜಿದ್‌ಗೆ ಎತ್ತಿಟ್ಟು,
ಉಳಿದರ್ಧ ದವಡೆಯಲ್ಲಿಟ್ಟುಕೊಂಡು
ಬರುವ ವರ್ಷದ ಬೇಡಿಕೆ ಪಟ್ಟಿ ತೆರೆದೆ.
ತಲೆಗೆ ಇಪ್ಪತ್ತೊಂದು ದಿನ, ಎಂದು ಬರೆದೆ.
ಕತ್ತರಿಸುತ್ತಾರೆ, ಗೊತ್ತು.
ಕತ್ತರಿಸಲೆಂದೇ ಎರಡು ಜಾಸ್ತಿ.